ಧ್ವನಿಮುದ್ರಿಕೆಯ ತೂಕವೂ ಧ್ವನಿಯ ಗುಣವೂ



ಗ್ರಾಮಾಫೋನ್ ಪ್ಲೇಟುಗಳ ಮೇಲಿನ ಮೋಹ ಮತ್ತೆ ಮರಳಿ ಬಂದಿದೆ. ಬೆಂಗಳೂರು, ಪುಣೆ ಹಾಗೂ ಹೊರದೇಶಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಹೊಸದಾಗಿ ಟರ್ನ್‌ಟೇಬಲ್ ಕೊಂಡಿದ್ದಾರೆ. ಅವರಿಂದ ನನಗೆ ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಸರ್, 180 ಗ್ರಾಂ ತೂಕದ ಪ್ಲೇಟು ಸಾಧಾರಣ ಪ್ಲೇಟಿಗಿಂತ ಚೆನ್ನಾಗಿ ಕೇಳಿಸುತ್ತದೆಯೇ?" ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬರುತ್ತದೆ. ಊರಿನ ಮನೆಯ ಅಟ್ಟದ ಮೇಲಿರುವ ಅಜ್ಜನ ಕಾಲದ ಪ್ಲೇಟುಗಳನ್ನು ಗುಜರಿಗೆ ಹಾಕಿ, ಈ ಹೊಸ ಭಾರದ ಪ್ಲೇಟುಗಳನ್ನು ಕೊಳ್ಳಬಹುದೇ ಎಂಬುದು. ಮೊದಲ ಪ್ರಶ್ನೆಗಿಂತ ಈ ಎರಡನೆಯದೇ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿದೆ. ಆದುದರಿಂದ ಇವೆರಡಕ್ಕೂ ಸೇರಿಸಿ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ತೂಕ ಹೆಚ್ಚಿದ್ದರೆ ಗುಣವೂ ಹೆಚ್ಚು ಎಂಬ ನಂಬಿಕೆ ನಮಗೆ ಹೊಸದಲ್ಲ. ನಮ್ಮ ವಿಜಯಪುರ ಜಿಲ್ಲೆಯ ಎರೆಮಣ್ಣಿನ ರೈತ ಹಿಂಗಾರಿ ಜೋಳದ ತೆನೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಾನೆ. ತೂಕವಿದ್ದರೆ ಕಾಳು ಗಟ್ಟಿ. ಹಿತ್ತಾಳೆಯ ಕೊಡ ಕೊಳ್ಳುವ ಗೃಹಿಣಿಯೂ ಭಾರ ನೋಡಿಯೇ ಕೊಳ್ಳುತ್ತಾಳೆ. ಅಲ್ಲಿ ಅದು ಸರಿ, ಏಕೆಂದರೆ ಅಲ್ಲಿ ನಾವು ಕೊಳ್ಳುವುದು ವಸ್ತುವನ್ನೇ. ಆದರೆ ಪ್ಲೇಟಿನಲ್ಲಿ ನಾವು ಕೊಳ್ಳುವುದು ಅದರ ಮೇಲಿನ ಬರಹವನ್ನು. ಪಾಟಿ ದಪ್ಪವಿದ್ದ ಮಾತ್ರಕ್ಕೆ ಅದರ ಮೇಲೆ ಬರೆದ ಅಕ್ಷರ ದುಂಡಗಾಗುವುದಿಲ್ಲ ಎಂಬುದು ಶಿಕ್ಷಕರಾದ ನಮಗೆಲ್ಲ ತಿಳಿದ ಸಂಗತಿ.

ಪ್ಲೇಟು ತಯಾರಾಗುವ ಕ್ರಮವನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮೊದಲು ಲ್ಯಾಕರ್ ಲೇಪಿಸಿದ ಒಂದು ಬಿಲ್ಲೆಯ ಮೇಲೆ ಯಂತ್ರದ ಮೊನೆಯು ಧ್ವನಿಯ ಗೆರೆಯನ್ನು ಕೊರೆಯುತ್ತದೆ. ಅದರ ಮೇಲೆ ನಿಕಲ್ ಲೋಹವನ್ನು ಲೇಪಿಸಿ ಅಚ್ಚನ್ನು ತೆಗೆಯುತ್ತಾರೆ. ಆ ಅಚ್ಚುಗಳ ನಡುವೆ ಕಾಯಿಸಿದ ವಿನೈಲ್ ಮುದ್ದೆಯನ್ನಿಟ್ಟು ಒತ್ತಿದರೆ ಪ್ಲೇಟು ಸಿದ್ಧ. ಇದೇ ಅಚ್ಚಿನಿಂದ 140 ಗ್ರಾಂ ಪ್ಲೇಟನ್ನೂ ಒತ್ತಬಹುದು, 180 ಗ್ರಾಂ ಪ್ಲೇಟನ್ನೂ ಒತ್ತಬಹುದು. ಗೆರೆಯ ಆಳ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ತೂಕ ಹೆಚ್ಚಿದಂತೆ ಗೆರೆ ಆಳವಾಗುವುದಿಲ್ಲ. ಎರಡು ಮುಖಗಳ ನಡುವಿನ ಹೂರಣ ಮಾತ್ರ ದಪ್ಪವಾಗುತ್ತದೆ. ಸೂಜಿಯು ಆ ಹೂರಣವನ್ನು ಮುಟ್ಟುವುದೇ ಇಲ್ಲ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂದಿತು? 1970ರ ಸುಮಾರಿಗೆ ಅಮೆರಿಕದ ಆರ್‌ಸಿಎ ಕಂಪನಿಯು 'ಡೈನಾಫ್ಲೆಕ್ಸ್' ಎಂಬ ತೀರ ತೆಳುವಾದ, ಬಳುಕುವ ಪ್ಲೇಟನ್ನು ಹೊರತಂದಿತು. ವಿನೈಲ್ ತಯಾರಾಗುವುದು ಪೆಟ್ರೋಲಿಯಂ ಉತ್ಪನ್ನದಿಂದ. 1973ರಲ್ಲಿ ತೈಲದ ಬಿಕ್ಕಟ್ಟು ಉಂಟಾದಾಗ ಅದರ ಬೆಲೆ ಏರಿತು. ಹಳೆಯ ಪ್ಲೇಟುಗಳನ್ನು ಕರಗಿಸಿ ಮರುಬಳಸುವ ಪರಿಪಾಠವೂ ನಡೆಯಿತು. ಕಲಬೆರಕೆಯ ವಿನೈಲ್‌ನಿಂದ ಚಟಪಟ ಸದ್ದು ಹೆಚ್ಚಿತು. ದೋಷವಿದ್ದದ್ದು ವಸ್ತುವಿನ ಶುದ್ಧತೆಯಲ್ಲಿ. ದೂರು ಹೋದದ್ದು ತೆಳುತನದ ಮೇಲೆ. ಮುಂದೆ ದುಬಾರಿ ಆವೃತ್ತಿಗಳನ್ನು ತರುವವರು ಒಳ್ಳೆಯ ಮೂಲಧ್ವನಿ, ನುರಿತ ಕೊರೆತಗಾರ, ಶುದ್ಧ ವಿನೈಲ್ ಇವುಗಳ ಜೊತೆಗೆ ತೂಕವನ್ನೂ ಸೇರಿಸಿದರು. ಕೇಳಿದವರು ಮೊದಲ ಮೂರರ ಯಶಸ್ಸನ್ನು ನಾಲ್ಕನೆಯದಕ್ಕೆ ಕಟ್ಟಿದರು. ಜೊತೆಯಲ್ಲಿ ಕಾಣಿಸಿಕೊಂಡದ್ದೆಲ್ಲ ಕಾರಣವಲ್ಲವೆಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆ, ನೆನಪಿರಬೇಕು. ಈಗಂತೂ ಸಾಮಾನ್ಯವಾದ ಡಿಜಿಟಲ್ ಪ್ರತಿಯನ್ನೇ ತಂದು 180 ಗ್ರಾಂ ಪ್ಲೇಟಿನ ಮೇಲೆ ಒತ್ತಿದರೂ ಹೊದಿಕೆಯ ಮೇಲೆ ತೂಕವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಭಾರದ ಪ್ಲೇಟಿಗೆ ಯಾವ ಗುಣವೂ ಇಲ್ಲವೆಂದು ನಾನು ಹೇಳಲಾರೆ. ಅದು ಬೇಗನೆ ಸೊಟ್ಟಾಗುವುದಿಲ್ಲ, ತಿರುಗುವ ಮಣೆಯ ಮೇಲೆ ಸಮನಾಗಿ ಕೂಡುತ್ತದೆ, ಕೈಯಲ್ಲಿ ಹಿಡಿದಾಗ ಬಾಳಿಕೆಯ ಭರವಸೆ ನೀಡುತ್ತದೆ. ಆದರೂ ಒತ್ತಿದ ಮೇಲೆ ಸರಿಯಾಗಿ ಆರಿಸದಿದ್ದರೆ ದಪ್ಪ ಪ್ಲೇಟೂ ಬಾಗುತ್ತದೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಯಾವ ತೂಕವೂ ಅದನ್ನು ಕಾಪಾಡದು. ಇನ್ನು ದಪ್ಪದಿಂದ ಸೂಜಿಯ ಕೋನ ಬದಲಾಗುತ್ತದೆ ಎಂದು ಕೆಲವರು ಚಿಂತಿಸುತ್ತಾರೆ. ಹತ್ತನೆಯ ತರಗತಿಯ ತ್ರಿಕೋನಮಿತಿ ಸಾಕು: ತೋಳಿನ ಉದ್ದ ಸುಮಾರು 230 ಮಿ.ಮೀ.; ದಪ್ಪ 1 ಮಿ.ಮೀ. ಹೆಚ್ಚಿದರೆ ಕೋನದ ವ್ಯತ್ಯಾಸ ಕಾಲು ಡಿಗ್ರಿ. ಅದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ.

ತೂಕವೇ ಧ್ವನಿಯ ಗುಣವಾಗಿದ್ದರೆ ನಮ್ಮ ಹಿರಿಯರ 78 ವೇಗದ ಪ್ಲೇಟುಗಳು ಎಲ್ಲಕ್ಕಿಂತ ಇಂಪಾಗಿ ಕೇಳಿಸಬೇಕಿತ್ತು. ಅವು ವಿನೈಲ್ ಅಲ್ಲ; ಅರಗಿನವು. ಮಹಾಭಾರತದ ಅರಗಿನ ಮನೆಯನ್ನು ಬಲ್ಲ ನಮಗೆ ಆ ವಸ್ತು ಅಪರಿಚಿತವಲ್ಲ. ಅರಗಿಗೆ ಕಲ್ಲಿನ ಪುಡಿಯನ್ನು ಬೆರೆಸಿ ಅವನ್ನು ಒತ್ತುತ್ತಿದ್ದರು. ಹತ್ತು ಅಂಗುಲದ ಅಂಥ ಪ್ಲೇಟು ಹನ್ನೆರಡು ಅಂಗುಲದ ಹಗುರವಾದ ಎಲ್‌ಪಿಗಿಂತ ಭಾರ. ಆದರೂ ಅದರಲ್ಲಿ ಹಾಡಿಗಿಂತ ಮೊದಲು ಕೇಳಿಸುವುದು 'ಸರ್' ಎಂಬ ಸದ್ದು, ಕಾರಣ ಆ ಕಲ್ಲುಪುಡಿಯೇ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ವಿನೈಲ್ ಎಲ್‌ಪಿಯನ್ನು ಹೊರತಂದಾಗ ಪ್ಲೇಟು ಹಗುರವಾಯಿತು, ಧ್ವನಿ ನಿರ್ಮಲವಾಯಿತು. ಇತಿಹಾಸ ನಡೆದದ್ದು ನಮ್ಮ ನಂಬಿಕೆಗೆ ವಿರುದ್ಧ ದಿಕ್ಕಿನಲ್ಲಿ.

ಆ ಸದ್ದಿನ ನಡುವೆ ಏನಿದೆ ಎಂಬುದೇ ಮುಖ್ಯ. ಗದುಗಿನ ಬಾಲಕನೊಬ್ಬ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯನ್ನು ಅಂಥ ಪ್ಲೇಟಿನಲ್ಲಿ ಕೇಳಿ ಮರುಳಾದ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಅವರೇ ಭೀಮಸೇನ ಜೋಶಿ. ಮೂರು ನಿಮಿಷದ ಸದ್ದುಭರಿತ ಪ್ಲೇಟು ಅಷ್ಟು ಕೆಲಸ ಮಾಡಿತು. ಅದೇ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರು 'ಗಾಂಧಾರಿ' ಎಂಬ ಹೆಸರಿನಿಂದ ಎಚ್‌ಎಂವಿ ಪ್ಲೇಟುಗಳಿಗೆ ಹಾಡಿದರು. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ಕಂಠ ಗಂಡುದನಿಯಂತೆ ಗಂಭೀರವಾಯಿತು. ನಾವೆಲ್ಲ ಬಲ್ಲದ್ದು ಆ ದನಿಯನ್ನೇ. ಅದಕ್ಕೂ ಹಿಂದಿನ ಅವರ ಎಳೆಯ, ತೆಳುವಾದ ಕಂಠ ನಮಗೆ ಉಳಿದಿರುವುದು ಆ ಅರಗಿನ ಪ್ಲೇಟುಗಳ ಕೃಪೆಯಿಂದ. ನಮ್ಮದೇ ಅವಿಭಜಿತ ಜಿಲ್ಲೆಯ ಬೀಳಗಿಯಿಂದ ಹೋಗಿ 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿದ ಅಮೀರಬಾಯಿ ಕರ್ನಾಟಕಿಯವರ ದನಿಯೂ ಮನೆಮನೆಗೆ ತಲುಪಿದ್ದು ಇಂಥ ಪ್ಲೇಟುಗಳ ಮೂಲಕವೇ. ಅಂದಿನ ಲೋಹದ ಅಚ್ಚು ಕಳೆದುಹೋದ ಹಾಡಿಗೆ ಯಾರದೋ ಮನೆಯ ಅಟ್ಟದ ಮೇಲಿರುವ ಪ್ಲೇಟೇ ಮೂಲಪ್ರತಿ. ಅದನ್ನು ಕಳೆದುಕೊಂಡರೆ 180 ಗ್ರಾಂ ಅಲ್ಲ, ಒಂದು ಮಣ ತೂಕದ ಪ್ಲೇಟು ಒತ್ತಿದರೂ ಆ ದನಿ ಮರಳಿ ಬಾರದು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಭಾರದ ಪ್ಲೇಟಿಗೆ ಕೊಡುವ ಹಣದಲ್ಲಿ ಮೊದಲು ಒಳ್ಳೆಯ ಸೂಜಿಯನ್ನು ಕೊಳ್ಳಿರಿ. 78 ಪ್ಲೇಟಿನ ಗೆರೆ ಎಲ್‌ಪಿಯ ಗೆರೆಗಿಂತ ಸುಮಾರು ಮೂರುಪಟ್ಟು ಅಗಲ. ಅದಕ್ಕೆ ಬೇರೆಯೇ ಸೂಜಿ ಬೇಕು. ಚಾವಿ ಕೊಡುವ ಹಳೆಯ ಗ್ರಾಮಾಫೋನಿನ ಮೇಲೆ ಎಲ್‌ಪಿಯನ್ನು ಎಂದಿಗೂ ಹಾಕಬೇಡಿರಿ. ಅದರ ಉಕ್ಕಿನ ಮುಳ್ಳು ಒಂದೇ ಸಲಕ್ಕೆ ಗೆರೆಯನ್ನು ಉತ್ತುಬಿಡುತ್ತದೆ. ಅರಗಿನ ಪ್ಲೇಟನ್ನು ಸ್ಪಿರಿಟ್‌ನಿಂದ ಒರೆಸಬೇಡಿರಿ, ಅರಗು ಅದರಲ್ಲಿ ಕರಗುತ್ತದೆ. ಪ್ಲೇಟುಗಳನ್ನು ಒಂದರ ಮೇಲೊಂದು ಒಟ್ಟದೆ, ಪುಸ್ತಕದಂತೆ ನಿಲ್ಲಿಸಿ ಇಡಿರಿ. ಬಲ್ಲವರನ್ನು ಹಿಡಿದು ಅವುಗಳ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಮನೆಯವರಿಗೆಲ್ಲ ಹಂಚಿರಿ. ಇಷ್ಟಾದ ಮೇಲೂ ಹಣ ಉಳಿದರೆ, ಒಳ್ಳೆಯ ಮೂಲದಿಂದ ತಯಾರಾದ ಹೊಸ ಪ್ಲೇಟನ್ನು ಧಾರಾಳವಾಗಿ ಕೊಳ್ಳಿರಿ. ಅದು ಭಾರವಿದ್ದರೂ ಸರಿ, ಹಗುರವಿದ್ದರೂ ಸರಿ.

ಸಂಗೀತದ ಪ್ಲೇಟಿಗೆ ತೂಕದ ಮೇಲೆ ಬೆಲೆ ಕಟ್ಟುವವನು ಗುಜರಿ ಅಂಗಡಿಯವನು ಮಾತ್ರ. ನಾವು ಅವನ ತಕ್ಕಡಿಯನ್ನು ಕಡ ತರುವುದು ಬೇಡ.