55 ಇಂಚಿನ ಪಾಪಪ್ರಜ್ಞೆ

ಬೆಂಗಳೂರಿನ ಯಾವುದೇ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ನೋಡಿ. ಗೋಡೆ ತುಂಬ ಟಿವಿ. ಒಂದರಲ್ಲಿ ಪಂಚರಂಗಿ ಗಿಣಿ, ಇನ್ನೊಂದರಲ್ಲಿ ಕತ್ತರಿಸಿಟ್ಟ ಹಣ್ಣು, ಮತ್ತೊಂದರಲ್ಲಿ ಜಲಪಾತ. ಹನಿ ಹನಿ ಎಣಿಸಬಹುದು, ಅಷ್ಟು ಸ್ಪಷ್ಟ. ಜೋಗದಿಂದ ಇಪ್ಪತ್ತು ಕಿಲೋಮೀಟರ್ ದೂರದ ಊರಲ್ಲಿ ಹುಟ್ಟಿದ ಮನುಷ್ಯ ಎಲ್ಲಿಯದೋ ಜಲಪಾತವನ್ನು ಟಿವಿಯಲ್ಲಿ ನೋಡಿ ಬಾಯಿ ಬಿಡ್ತಾನೆ. ಸೇಲ್ಸ್ ಹುಡುಗ ಪಕ್ಕಕ್ಕೆ ಬಂದು "ಸಾರ್, 4ಕೆ" ಅಂತಾನೆ. ಇವನ ತಲೆಯಲ್ಲಿ ಊರಿನ ಜಗಲಿ, ಹಳೇ ಟಿವಿ, ಅದರ ಎದುರು ಕೂತ ಅಪ್ಪ ಅಮ್ಮ. ಎರಡು ಹಬ್ಬಕ್ಕೆ ಊರಿಗೆ ಹೋಗಿಲ್ಲ. ಕಾರ್ಡ್ ತೆಗೀತಾನೆ.

ಈ ಸಲ ಅದಕ್ಕೊಂದು ನೆಪವೂ ಸಿಕ್ಕಿತ್ತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ದಸರಾ, ದೀಪಾವಳಿ ಆಫರ್ ಬೇರೆ. ನನ್ನ ಪರಿಚಯದ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರಲ್ಲಿ ಊರಿಗೆ ದೊಡ್ಡ ಟಿವಿ ಕಳಿಸಿದವರು ಒಬ್ಬಿಬ್ಬರಲ್ಲ. ಅವರನ್ನು ಬೈಯೋ ಮೊದಲು ಹೇಳಿಬಿಡ್ತೇನೆ: ನಾನೂ ಕಳಿಸಿದವನೇ. 55 ಇಂಚು, 4ಕೆ. ಟಿವಿ ಬಂದು ಒಂದು ವಾರಕ್ಕೆ ಅಪ್ಪಯ್ಯ ಫೋನ್ ಮಾಡಿ, "ಎಲ್ಲಾ ಚೊಲೋ ಇದ್ದು ಮಾರಾಯ. ಆದ್ರೆ ಮುಖ ಮಾತ್ರ ಹಳೇದ್ರಲ್ಲೇ ಸರಿ ಕಾಣ್ತಿತ್ತು" ಅಂದರು.

ನಾನು ನಕ್ಕುಬಿಟ್ಟೆ. ಹಳೇ ಕಾಲದವರು, ಅಭ್ಯಾಸ ಆಗ್ಬೇಕು ಅಂದ್ಕೊಂಡೆ. ಮುಂದಿನ ಸಲ ಊರಿಗೆ ಹೋಗಿ ಟಿವಿ ಎದುರು ಕೂತಾಗ ಗೊತ್ತಾಯ್ತು, ಅಪ್ಪಯ್ಯ ಹೇಳಿದ್ದು ಅಕ್ಷರಶಃ ಸತ್ಯ. ತಪ್ಪು ಅವರ ಕಣ್ಣಿನದ್ದಲ್ಲ, ನನ್ನ ಲೆಕ್ಕದ್ದು.

ಲೆಕ್ಕ ನೋಡೋಣ. ಹಳೇ ಎಸ್‌ಡಿ ಪ್ರಸಾರದ ಚಿತ್ರ ಅಂದರೆ 720 ಅಡ್ಡ, 576 ಉದ್ದ: ಸುಮಾರು 4 ಲಕ್ಷ ಚುಕ್ಕೆ. ಫುಲ್ ಎಚ್‌ಡಿಯಲ್ಲಿ 1920 ಮತ್ತು 1080: ಸುಮಾರು 20 ಲಕ್ಷ. 4ಕೆಯಲ್ಲಿ 3840 ಮತ್ತು 2160: ಸುಮಾರು 83 ಲಕ್ಷ. ಎಸ್‌ಡಿ ಚಾನೆಲ್ ಹಾಕಿದ ಕೂಡಲೇ 4ಕೆ ಟಿವಿ ಏನು ಮಾಡಬೇಕು? ನಾಲ್ಕು ಲಕ್ಷ ಚುಕ್ಕೆಯನ್ನು ಎಂಬತ್ಮೂರು ಲಕ್ಷಕ್ಕೆ ಹಿಗ್ಗಿಸಬೇಕು. ಇಲ್ಲದ ವಿವರವನ್ನು ಊಹೆ ಮಾಡಿ ತುಂಬಬೇಕು. ನಾಲ್ಕು ಜನಕ್ಕೆ ಮಾಡಿದ ಸಾರಿಗೆ ನೀರು ಹೊಯ್ದು ಎಂಬತ್ತು ಜನಕ್ಕೆ ಬಡಿಸಿದ ಹಾಗೆ. ಪಾತ್ರೆ ಎಷ್ಟು ದೊಡ್ಡದಾದರೂ ಸಾರು ಅಷ್ಟೇ.

ಇನ್ನು ಕಣ್ಣಿನ ವಿಷಯ. ಒಳ್ಳೆ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವಿರುವ ಎರಡು ಚುಕ್ಕೆಗಳನ್ನು ಬೇರೆ ಬೇರೆ ಎಂದು ಗುರುತಿಸಬಲ್ಲದು. ಅದಕ್ಕಿಂತ ಹತ್ತಿರವಾದರೆ ಎರಡೂ ಒಂದೇ. ಇದರಿಂದ ಒಂದು ಸುಲಭ ಸೂತ್ರ ಸಿಗುತ್ತೆ. ಟಿವಿಯ ಇಂಚನ್ನು 8ರಿಂದ ಭಾಗಿಸಿ. ಬರುವ ಸಂಖ್ಯೆಯಷ್ಟು ಅಡಿಗಿಂತ ದೂರ ಕೂತರೆ ಫುಲ್ ಎಚ್‌ಡಿಗೂ 4ಕೆಗೂ ಚುಕ್ಕೆಗಳ ಲೆಕ್ಕದಲ್ಲಿ ವ್ಯತ್ಯಾಸ ಕಾಣುವುದಿಲ್ಲ. 55 ಇಂಚಿಗೆ ಸುಮಾರು 7 ಅಡಿ. ನಿಮ್ಮ ಬೆಂಗಳೂರಿನ ಟೂ ಬಿಎಚ್‌ಕೆ ಹಾಲಿನಲ್ಲಿ ಸೋಫಾದಿಂದ ಗೋಡೆಗೆ ಏಳೆಂಟು ಅಡಿ ಇರಬಹುದು, ಅಲ್ಲಿ 4ಕೆ ಬಗ್ಗೆ ಮಾತಾಡೋದಕ್ಕೆ ಅರ್ಥ ಇದೆ. ಮಲೆನಾಡಿನ ಜಗಲಿ ಹಾಗಲ್ಲ. ಗೋಡೆಯಿಂದ ಅಪ್ಪಯ್ಯನ ಕುರ್ಚಿಗೆ 12 ಅಡಿ. ಅಮ್ಮ ಕೂರುವುದು ಇನ್ನೂ ಹಿಂದೆ, ಒಳಗಿನ ಬಾಗಿಲ ಹತ್ತಿರ. 12 ಅಡಿಯಿಂದ 4ಕೆಯ ಹೆಚ್ಚುಗಾರಿಕೆ ಕಾಣಲು ಶುರುವಾಗಬೇಕಾದರೆ 90 ಇಂಚಿಗೂ ಮೇಲಿನ ಟಿವಿ ಬೇಕು. ಅದೂ ಪೊರೆ ಬರದ ಕಣ್ಣಿಗೆ.

ಉಲ್ಟಾ ಲೆಕ್ಕ ಇನ್ನೂ ಕ್ರೂರ. ಎಸ್‌ಡಿ ಚಿತ್ರದ ಹರಕು ಕಾಣಬಾರದು ಅಂದರೆ 32 ಇಂಚಿನ ಟಿವಿಯಿಂದ ಸುಮಾರು 11 ಅಡಿ ದೂರ ಕೂತರೆ ಸಾಕು. ಅದೇ ಚಿತ್ರವನ್ನು 55 ಇಂಚಿನಲ್ಲಿ ನೋಡಬೇಕಾದರೆ 19 ಅಡಿ ಹಿಂದೆ ಹೋಗಬೇಕು. ಅಂದರೆ ಅಂಗಳಕ್ಕೆ. ಹಳೇ 32 ಇಂಚಿನಲ್ಲಿ 12 ಅಡಿಯಿಂದ ಸರಿಯಾಗಿ ಕಾಣ್ತಿದ್ದ ಮುಖವನ್ನು ನಾನು ದುಡ್ಡು ಕೊಟ್ಟು ಹಾಳು ಮಾಡಿದ್ದೆ.

"ಈಗ ಎಲ್ಲಾ ಎಚ್‌ಡಿ ಅಲ್ವಾ?" ಅಂತ ನೀವು ಕೇಳಬಹುದು. ಅಲ್ಲ. ಕನ್ನಡದ ಮೊದಲ ಎಚ್‌ಡಿ ಮನರಂಜನಾ ಚಾನೆಲ್ ಕಲರ್ಸ್ ಕನ್ನಡ ಎಚ್‌ಡಿ ಬಂದಿದ್ದೇ 2016ರ ಮೇ ತಿಂಗಳಲ್ಲಿ. ಆಮೇಲೆ ಸುವರ್ಣ, ಉದಯ, ಝೀ ಒಂದೊಂದಾಗಿ ಬಂದವು. ನ್ಯೂಸ್ ಚಾನೆಲ್‌ಗಳಲ್ಲಿ ಬಹುಪಾಲು ಇನ್ನೂ ಎಸ್‌ಡಿಯೇ. ಕನ್ನಡದಲ್ಲಿ 4ಕೆ ಪ್ರಸಾರ ಮಾಡುವ ಟಿವಿ ಚಾನೆಲ್ ಒಂದೂ ಇಲ್ಲ. ಇರುವ ಎಚ್‌ಡಿ ಚಾನೆಲ್‌ಗೂ ಬೇರೆ ಪ್ಯಾಕ್, ಬೇರೆ ದುಡ್ಡು, ಎಚ್‌ಡಿ ಸೆಟ್ ಟಾಪ್ ಬಾಕ್ಸ್ ಬೇಕು. ಊರಲ್ಲಿ ಎಷ್ಟೋ ಮನೆಗಳಲ್ಲಿ ಇನ್ನೂ ಹಳೇ ಬಾಕ್ಸ್, ಹಿಂದೆ ಹಳದಿ-ಕೆಂಪು-ಬಿಳಿ ವಯರ್. ಮಗ ಎಪ್ಪತ್ತು ಸಾವಿರದ ಟಿವಿ ಕಳಿಸ್ತಾನೆ, ಅದರ ಹಿಂಭಾಗಕ್ಕೆ ಅದೇ ಹಳದಿ ವಯರ್ ಚುಚ್ಚಿ ಕೂರ್ತಾರೆ. ಮೇಲಿಂದ 4:3 ಚಿತ್ರವನ್ನು ಎಳೆದು ಪರದೆ ತುಂಬಿಸಿರ್ತಾರೆ. ಸೀರಿಯಲ್ಲಿನ ಸೊಸೆಯೂ ಅತ್ತೆಯೂ ಒಂದೇ ಅಳತೆ!

ನಮ್ಮ ಕಡೆಗೇ ವಿಶೇಷವಾದ ಇನ್ನೊಂದು ಸಂಗತಿ ಮಳೆ. ಡಿಟಿಎಚ್ ಸಿಗ್ನಲ್ ಬರುವುದು ಕೆಯು ಬ್ಯಾಂಡಿನಲ್ಲಿ. ಅದರ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಯ ಮಳೆ ಅದನ್ನು ಹೀರುತ್ತೆ, ಚದುರಿಸುತ್ತೆ. ಆಂಟೆನಾ ಕಾಲದಲ್ಲಿ ಒಬ್ಬ ಹೊರಗೆ ಕಂಬ ತಿರುಗಿಸ್ತಾ, ಒಳಗಿನವರು "ಬಂತು, ಬಂತು, ಹೋಯ್ತು" ಅಂತ ಕೂಗ್ತಾ ಹೇಗೋ ಮಸುಕಾದ ಚಿತ್ರವನ್ನಾದರೂ ಹಿಡೀತಿದ್ದರು. ಡಿಜಿಟಲ್ಲಿನಲ್ಲಿ ಮಸುಕು ಅನ್ನೋದಿಲ್ಲ. ಚೌಕ ಚೌಕವಾಗಿ ಒಡೆದು ಪೂರಾ ನಿಲ್ಲುತ್ತೆ. ಆಗುಂಬೆ, ಹುಲಿಕಲ್, ಮಾಸ್ತಿಕಟ್ಟೆ ಕಡೆ ಆಷಾಢದಲ್ಲಿ ಇದು ದಿನದ ಕಥೆ. ಯಾವ 4ಕೆ, ಯಾವ 8ಕೆಯೂ ಇದಕ್ಕೆ ಮದ್ದಲ್ಲ. ಮಾಮೂಲಿ 60 ಸೆಂಟಿಮೀಟರ್ ಬದಲು 90 ಸೆಂಟಿಮೀಟರಿನ ಡಿಶ್ ಹಾಕಿಸಿದರೆ ಸ್ವಲ್ಪ ತಡೆದೀತು. ಅದರ ಖರ್ಚು ನಿಮ್ಮ ಟಿವಿಯ ಮುಂದೆ ಏನೂ ಅಲ್ಲ. ಆದರೆ ಡಿಶ್ ಕೊಡಿಸಿದೆ ಅಂತ ಸ್ಟೇಟಸ್ ಹಾಕೋಕಾಗಲ್ಲ ನೋಡಿ.

ಹಾಗಾದರೆ ಇಂಟರ್ನೆಟ್? ನೆಟ್‌ಫ್ಲಿಕ್ಸ್ 4ಕೆಗೆ ಕೇಳುವ ವೇಗ 15 ಎಂಬಿಪಿಎಸ್, ಅದೂ ಅತಿ ದುಬಾರಿ ಪ್ಲಾನಿನಲ್ಲಿ ಮಾತ್ರ. ಆ ವೇಗದಲ್ಲಿ ಗಂಟೆಗೆ ಹೆಚ್ಚುಕಡಿಮೆ 7 ಜಿಬಿ ಖರ್ಚು. ಕೆಲವು ವರ್ಷದ ಹಿಂದೆ ಸಾಗರ, ಹೊಸನಗರದ ಹಳ್ಳಿಗಳಲ್ಲಿ ಜನ "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಬೋರ್ಡ್ ಹಾಕಿದ್ದು ನೆನಪಿರಬಹುದು. ಅವರು ಕೇಳ್ತಿದ್ದಿದ್ದು 4ಕೆ ಅಲ್ಲ, ಆಂಬುಲೆನ್ಸಿಗೆ ಫೋನ್ ಹೋಗುವಷ್ಟು ಸಿಗ್ನಲ್.

ಕರೆಂಟಿನ ಮಾತು ಬೇಡ ಅಂತಿದ್ದೆ, ಆದರೂ ಹೇಳಲೇಬೇಕು. ಜೋಗದಲ್ಲಿ ಮಹಾತ್ಮ ಗಾಂಧಿ ವಿದ್ಯುದಾಗಾರ ಶುರುವಾಗಿದ್ದು 1948ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಊರು, ಗದ್ದೆ, ತೋಟ ಮುಳುಗಿಸಿಕೊಂಡು ನಾಡಿಗೆ ಬೆಳಕು ಕೊಟ್ಟ ಸೀಮೆ ಇದು. ನಾ. ಡಿಸೋಜ 'ದ್ವೀಪ' ಬರೆದದ್ದು ಆ ಮುಳುಗಡೆಯ ನೋವನ್ನೇ. ಆ ಸೀಮೆಯಲ್ಲೇ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಕತ್ತಲೆ. ಬೇಸಿಗೆಯ ಸಂಜೆ ವೋಲ್ಟೇಜ್ ಕುಂಟುತ್ತೆ. ಏಪ್ರಿಲ್, ಮೇ ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟ ಟಿವಿಗಳಿಗೆ ಲೆಕ್ಕವಿಲ್ಲ. ಇನ್ವರ್ಟರ್ ಇದ್ದರೂ ದೊಡ್ಡ ಟಿವಿ ಅದರ ಬ್ಯಾಟರಿಯನ್ನು ಬೇಗ ಕುಡಿಯುತ್ತೆ. ಅಮ್ಮ ಕೊನೆಗೆ "ಟಿವಿ ಬೇಡ, ಲೈಟ್ ಇರ್ಲಿ" ಅಂತ ಆರಿಸಿ ಕೂರ್ತಾರೆ.

ಈಗ ನಿಮ್ಮ ಸಿಟ್ಟಿನ ಪ್ರಶ್ನೆ ಬರುತ್ತೆ, ಬರಲೇಬೇಕು: "ಹಾಗಾದ್ರೆ ಹಳ್ಳಿಯವರಿಗೆ ಹಳೇ ಡಬ್ಬ ಸಾಕು ಅಂತೀರಾ? ನಿಮಗೆ ಮಾತ್ರ 4ಕೆ ಬೇಕಾ?"

ಇಲ್ಲ. ಅವರಿಗೆ ಕಡಿಮೆಯದು ಸಾಕು ಅಂತ ನಾನು ಹೇಳ್ತಿಲ್ಲ. ಅವರು ಏನು ನೋಡ್ತಾರೆ, ಎಲ್ಲಿ ಕೂತು ನೋಡ್ತಾರೆ, ಯಾವಾಗ ನೋಡ್ತಾರೆ ಅಂತ ಕೇಳದೆ ಕೊಡಿಸೋದು ಗೌರವ ಅಲ್ಲ ಅಂತ ಹೇಳ್ತಿದ್ದೇನೆ. ಒಳ್ಳೆ ಚಿತ್ರ ಬೆಂಗಳೂರಿನವರ ಆಸ್ತಿಯೇನೂ ಅಲ್ಲ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ 1973ರಲ್ಲೇ ನೀನಾಸಂ ಚಿತ್ರಸಮಾಜ ಶುರುವಾಯ್ತು. ಅಡಿಕೆ ತೋಟದ ಜನ ಕುರೊಸಾವಾ, ಸತ್ಯಜಿತ್ ರಾಯ್ ಸಿನಿಮಾಗಳನ್ನು ನೋಡಿ ಚರ್ಚೆ ಮಾಡಿದರು. ತೀರ್ಥಹಳ್ಳಿ ತಾಲೂಕಿನ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' ಬಂದಿದ್ದು 1977ರಲ್ಲಿ. ಅದನ್ನು 4ಕೆಯಲ್ಲಿ ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಇಂಥ ಕಡೆ 4ಕೆಗೆ ನಿಜವಾದ ಕೆಲಸ ಇದೆ. ಮೂಲ ಫಿಲ್ಮಿನಲ್ಲಿ ವಿವರ ಇದೆ, ಅದನ್ನು ಉಳಿಸಬೇಕು. ಆ ಸಿನಿಮಾ ಹಾಗೇ ನಮ್ಮ ಜಗಲಿಗೆ ಬರಲಿ ಅಂತ ಕೇಳಿ, ಗಲಾಟೆ ಮಾಡಿ, ನಾನೂ ಸೇರ್ತೇನೆ. ನ್ಯೂಸ್ ಚಾನೆಲ್‌ಗಳು ಎಚ್‌ಡಿ ಆಗಲಿ, ಊರಿಗೆ ಫೈಬರ್ ಬರಲಿ, ವೋಲ್ಟೇಜ್ ನೆಟ್ಟಗಿರಲಿ ಅಂತ ಕೇಳಿ. ಮೂಲದಲ್ಲಿ ಇಲ್ಲದ್ದನ್ನು ಪರದೆಯಲ್ಲಿ ಹುಡುಕಬೇಡಿ.

"ಫ್ಯೂಚರ್ ಪ್ರೂಫ್ ಅಲ್ವಾ?" ಅನ್ನೋರಿಗೆ ಒಂದೇ ಮಾತು. ಸ್ಮಾರ್ಟ್ ಟಿವಿಯಲ್ಲಿ ಮೊದಲು ಮುದುಕಾಗೋದು ಪ್ಯಾನೆಲ್ ಅಲ್ಲ, ಸಾಫ್ಟ್‌ವೇರ್. ಕೆಲವೇ ವರ್ಷಕ್ಕೆ ಅಪ್‌ಡೇಟ್ ನಿಲ್ಲುತ್ತೆ, ಆ್ಯಪ್‌ಗಳು ತೆವಳುತ್ತವೆ. ಸಿಡಿಲು ಅಷ್ಟು ದಿನ ಕಾದರೆ, ಅದು ಪುಣ್ಯ.

ಹಾಗಾದರೆ ಏನು ಕೊಳ್ಳಬೇಕು? ಮೊದಲು ಅಳತೆ ಟೇಪು. ಕುರ್ಚಿಯಿಂದ ಗೋಡೆಗೆ ಎಷ್ಟು ಅಡಿ ನೋಡಿ. ಹತ್ತು ಹನ್ನೆರಡು ಅಡಿಯ ಜಗಲಿಗೆ, ಟಿವಿ ಚಾನೆಲ್ಲೇ ಮುಖ್ಯವಾದ ಮನೆಗೆ 43 ಇಂಚು ಧಾರಾಳ. 12 ಅಡಿಯಿಂದ ಆ ಪರದೆಯ ಅಡ್ಡಸಾಲಿನಲ್ಲಿ ಕಣ್ಣು ಬಿಡಿಸಿ ನೋಡಬಲ್ಲದ್ದೇ ಸುಮಾರು 900 ಚುಕ್ಕೆ. ಫುಲ್ ಎಚ್‌ಡಿ ಅದರ ಎರಡರಷ್ಟು ಕೊಡುತ್ತೆ. ಈಗ 43ರ ಮೇಲೆ ಬರೋದೆಲ್ಲಾ ಹೆಚ್ಚುಕಡಿಮೆ 4ಕೆಯೇ, ಬಂದರೆ ಬರಲಿ. ಆದರೆ ಆ ಅಕ್ಷರಕ್ಕೆ ಹೆಚ್ಚಿನ ದುಡ್ಡು ಕೊಡಬೇಡಿ. ಕೊಡೋದಿದ್ದರೆ ಒಳ್ಳೆ ಕಾಂಟ್ರಾಸ್ಟಿಗೆ, ಪಕ್ಕದಿಂದ ನೋಡಿದರೂ ಬಣ್ಣ ಮಾಸದ ಪ್ಯಾನೆಲ್‌ಗೆ ಕೊಡಿ. ಜಗಲಿಯಲ್ಲಿ ಎಲ್ಲರೂ ಟಿವಿಯ ಎದುರಿಗೇ ಕೂರೋದಿಲ್ಲ. 32 ಇಂಚಿನ "ಎಚ್‌ಡಿ ರೆಡಿ" ಅಂದರೆ 1366 ಮತ್ತು 768 ಚುಕ್ಕೆ ಮಾತ್ರ, ಫುಲ್ ಎಚ್‌ಡಿ ಅಲ್ಲ. ಆ ಹೆಸರಿಗೆ ಮೋಸ ಹೋಗಬೇಡಿ. ಆದರೂ 12 ಅಡಿಯಿಂದ ಅದೂ ಸಾಕು.

ಉಳಿದ ದುಡ್ಡಿನಲ್ಲಿ ಎಚ್‌ಡಿ ಸೆಟ್ ಟಾಪ್ ಬಾಕ್ಸ್, ಎಚ್‌ಡಿಎಂಐ ಕೇಬಲ್, ಅವರು ನಿಜವಾಗಿ ನೋಡುವ ಚಾನೆಲ್‌ಗಳ ಎಚ್‌ಡಿ ಪ್ಯಾಕ್. ಒಳ್ಳೆ ಸ್ಟೆಬಿಲೈಜರ್. ಇನ್ವರ್ಟರ್ ಬ್ಯಾಟರಿ ಹಳತಾಗಿದ್ದರೆ ಹೊಸದು. ಸಿಡಿಲು ಬಂದಾಗ ಪ್ಲಗ್ ಜೊತೆ ಡಿಶ್ ಕೇಬಲನ್ನೂ ಕಿತ್ತಿಡಲು ಹೇಳಿಕೊಡಿ, ಬರೇ ಸ್ವಿಚ್ ಆಫ್ ಸಾಲದು.

ಮತ್ತೆ ಸೌಂಡ್. ಇದನ್ನು ಯಾರೂ ಹೇಳೋದಿಲ್ಲ. ತೆಳ್ಳಗಿನ ಟಿವಿಯ ಸ್ಪೀಕರ್ ಇರೋದು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿಕೊಂಡು. ಹೊರಗೆ ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಮಾತು ಕೇಳೋದೇ ಇಲ್ಲ. ನಮ್ಮಮ್ಮ ಸೀರಿಯಲ್ ನೋಡೋದು ಕಡಿಮೆ, ಕೇಳೋದು ಜಾಸ್ತಿ. ಕೈಯಲ್ಲಿ ಅಡಿಕೆ ಸುಲಿಯೋದೋ, ಬತ್ತಿ ಹೊಸೆಯೋದೋ ನಡೀತಿರುತ್ತೆ. ಅಪ್ಪಯ್ಯನ ಯೂಟ್ಯೂಬ್ ಯಕ್ಷಗಾನಕ್ಕೂ ಅಷ್ಟೇ, ಭಾಗವತರ ಪದ ಕೇಳಬೇಕು, ಚಂಡೆ ಕೇಳಬೇಕು. ಸಣ್ಣದೊಂದು ಸೌಂಡ್‌ಬಾರ್ ಅವರಿಗೆ ಎಂಬತ್ಮೂರು ಲಕ್ಷ ಚುಕ್ಕೆಗಿಂತ ದೊಡ್ಡದು.

ಕೊನೆಯದಾಗಿ ಎರಡು ದಿನ ರಜೆ. ಡೆಲಿವರಿಯವರು ಟಿವಿ ಗೋಡೆಗೆ ಹಾಕಿ ಹೋಗ್ತಾರೆ, ಅಷ್ಟೇ. ಪಿಕ್ಚರ್ ಮೋಡ್ "ವಿವಿಡ್"ನಿಂದ "ಸಿನಿಮಾ"ಕ್ಕೆ ಬದಲಿಸೋದು, ಎಳೆದ ಚಿತ್ರವನ್ನು ಸರಿ ಮಾಡೋದು, ಚಲನೆಯನ್ನು ನುಣ್ಣಗೆ ಮಾಡ್ತೀನಿ ಅಂತ ಎಲ್ಲವನ್ನೂ ಸೀರಿಯಲ್ ಥರ ಕಾಣಿಸುವ ಸೆಟ್ಟಿಂಗ್ ಆರಿಸೋದು, ಎರಡು ರಿಮೋಟಿನ ಕೆಲಸ ಒಂದರಲ್ಲೇ ಆಗೋ ಹಾಗೆ ಮಾಡೋದು, "ಸೋರ್ಸ್" ಬಟನ್ ಮೇಲೆ ಕೆಂಪು ಸ್ಟಿಕ್ಕರ್ ಅಂಟಿಸೋದು, ಇದನ್ನೆಲ್ಲ ನೀವೇ ಹೋಗಿ ಮಾಡಬೇಕು. ನಾನು ತಡವಾಗಿ ಮಾಡಿದೆ. ಹೊಸ ಬಾಕ್ಸ್ ಹಾಕಿ, ಸೌಂಡ್‌ಬಾರ್ ಕೂರಿಸಿ, ಕುರ್ಚಿ ಮೂರಡಿ ಮುಂದಕ್ಕೆ ಎಳೆದೆ. ಟಿವಿ ಅದೇ. ಅಪ್ಪಯ್ಯ ಸ್ವಲ್ಪ ಹೊತ್ತು ನೋಡಿ, "ಹ್ಞಾಂ, ಈಗ ಸರಿ ಆತು" ಅಂದರು. ಆಮೇಲೆ ಟಿವಿ ಆರಿಸಿ, "ಬಾ, ತೋಟಕ್ಕೆ ಹೋಗಿ ಬಪ್ಪನ" ಅಂತ ಎದ್ದರು.