ಕೌದಿಯ ಕೋಣೆಗೆ ಎಂಥ ಮೇಜು ಬೇಕು?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಕೌದಿ ಹೊಲಿಯುವ ಕೋಣೆಗೆ ಒಂದು ಕಾಣಿಕೆಯನ್ನು ಕೊಡಬೇಕೆಂದು ನಿಶ್ಚಯಿಸಿ, ಅದು ಯಾವ ಬಗೆಯದಾಗಿರಬೇಕೆಂದು ನಮ್ಮನ್ನು ಕೇಳಿರುತ್ತಾರೆ. ಅವರ ಈ ಸದ್ಭಾವಕ್ಕೆ ನಾವು ಕೃತಜ್ಞರಾಗಿದ್ದೇವೆ. ಆದರೆ ಈ ವಿಷಯದಲ್ಲಿ ಎರಡು ಪಕ್ಷಗಳು ಹುಟ್ಟಿರುವುದನ್ನು ಮರೆಮಾಡಲಾರೆವು. ಗಾಜಿನ ಹೊದಿಕೆಯುಳ್ಳ ದೊಡ್ಡ ಮೇಜನ್ನೂ, ಪಟ್ಟಣದ ಅಂಗಡಿಗಳಲ್ಲಿ ದೊರೆಯುವ ಹಸುರು ಬಣ್ಣದ ಕತ್ತರಿಸುವ ಹಾಸನ್ನೂ ತರಿಸಿ, ದಾನಿಗಳ ಹೆಸರುಗಳನ್ನು ಹಿತ್ತಾಳೆಯ ಫಲಕದಲ್ಲಿ ಕೆತ್ತಿಸಬೇಕೆಂಬುದು ಒಂದು ಪಕ್ಷ. “ನಮ್ಮ ಅಜ್ಜಿಯರು ನೆಲದ ಮೇಲೆ ಕುಳಿತೇ ಕೌದಿ ಹೊಲಿದರಲ್ಲವೇ? ಕೌದಿಗೆ ಮೇಜೇಕೆ?” ಎಂಬುದು ಇನ್ನೊಂದು ಪಕ್ಷ. ನಾವು ಈ ಎರಡನ್ನೂ ಪೂರ್ಣವಾಗಿ ಒಪ್ಪಲಾರೆವು. ಹೊಲಿಯುವುದಕ್ಕೆ ನೆಲವೇ ಸಾಕು. ಕತ್ತರಿಸುವುದಕ್ಕೆ ಮಾತ್ರ ನಿಂತು ಕೆಲಸಮಾಡತಕ್ಕ ಎತ್ತರದ ಒಂದು ಗಟ್ಟಿಯಾದ ಮರದ ಮೇಜು ಬೇಕು ಎಂಬುದು ನಮ್ಮ ಅಭಿಪ್ರಾಯವು. ಅದರ ಕಾರಣಗಳನ್ನು ಇಲ್ಲಿ ಅರಿಕೆಮಾಡುತ್ತೇವೆ.

ನಮ್ಮ ಬಾಲಿಕೆಯರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ಸೀಮೆಗಳಿಂದ ಬರತಕ್ಕವರು. ಈ ಸೀಮೆಗಳು 2021ನೆಯ ಇಸವಿಯಿಂದ ವಿಜಯನಗರ ಜಿಲ್ಲೆಗೆ ಸೇರಿರುತ್ತವೆ. ಜಿಲ್ಲೆಯ ಹೆಸರು ಬದಲಾದರೂ ಮನೆಯ ಮೂಲೆಯಲ್ಲಿ ಮಡಿಸಿಟ್ಟ ಕೌದಿಯು ಬದಲಾಗಲಿಲ್ಲ. ಅದು ಬಾಣಂತಿಯ ಮಂಚದ ಮೇಲೆ ಇರುತ್ತದೆ; ಕೂಸಿನ ತೊಟ್ಟಿಲಲ್ಲಿ ಇರುತ್ತದೆ; ಮಳೆ ತಪ್ಪಿದ ವರ್ಷ ಗುಳೆ ಹೊರಡುವ ಸಂಸಾರದ ಗಂಟಿನಲ್ಲಿಯೂ ಇರುತ್ತದೆ. ಹಳೆಯ ಸೀರೆ ಧೋತ್ರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ಆರಂಭಿಸಿ ಸಣ್ಣ ಹೊಲಿಗೆಯ ಸಾಲುಗಳನ್ನು ಹಾಕುತ್ತ ಒಳಕ್ಕೆ ಬರುವುದು ಈ ಕೆಲಸದ ಕ್ರಮ. ಐದು ಅಡಿ ಅಗಲ, ಏಳು ಅಡಿ ಉದ್ದದ ಕೌದಿಯನ್ನು ಮೇಜಿನ ಮೇಲೆ ಹರವಿದರೆ ಅದರ ಅಂಚುಗಳು ಕೆಳಗೆ ಜೋತುಬಿದ್ದು, ಪದರುಗಳು ಒಂದರ ಮೇಲಿಂದ ಒಂದು ಜಾರುತ್ತವೆ. ನೆಲದ ಮೇಲೆ ಚಾಪೆ ಹಾಸಿ ಹರವಿದರೆ ನಾಲ್ಕು ಮಂದಿ ನಾಲ್ಕು ಕಡೆ ಕುಳಿತು, ತಮ್ಮ ಮೊಣಕಾಲಿನ ಭಾರದಿಂದಲೇ ಅದನ್ನು ಹಿಡಿದಿಟ್ಟು ಹೊಲಿಯಬಹುದು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸ್ತ್ರೀಯರೂ ತಮ್ಮ ಕೌದಿಯನ್ನು ಹೀಗೆಯೇ ಅಂಚಿನಿಂದ ನಡುವಿಗೆ ಸುತ್ತುತ್ತ ಹೊಲಿದು ಹೆಸರು ಪಡೆದಿದ್ದಾರೆ. ಆದಕಾರಣ ನೆಲವನ್ನು ಬಿಡಬೇಡಿರೆಂಬ ಹಿರಿಯರ ಮಾತು ಹೊಲಿಗೆಯ ಮಟ್ಟಿಗೆ ಸರಿಯಾದದ್ದೇ.

ಆದರೆ ಕತ್ತರಿಸುವ ಕೆಲಸವು ಬೇರೆ. ಇದನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವು. ಕೌದಿಯ ತರಗತಿಯನ್ನು ಆರಂಭಿಸಿದ ವರ್ಷ, ಹಣವನ್ನು ಉಳಿಸುವ ಬುದ್ಧಿಯಿಂದ, ಬರೆಯುವ ಹಳೆಯ ಮೇಜುಗಳೆರಡನ್ನು ಪಕ್ಕಪಕ್ಕದಲ್ಲಿ ಇರಿಸಿ, ಇದೇ ಸಾಕೆಂದೆವು. ಅವುಗಳ ಎತ್ತರವು 28 ಅಂಗುಲ. ನಡುವೆ ಒಂದು ಬೆರಳು ತೂರುವಷ್ಟು ಸಂದು. ಬಾಲಿಕೆಯರು ಬಾಗಿ ಬಾಗಿ ಕತ್ತರಿಸಿದರು. ಬಟ್ಟೆಯು ಸಂದಿನಲ್ಲಿ ಸಿಕ್ಕಿ ಓರೆಯಾಯಿತು. ಐದು ಅಂಗುಲದ ಚೌಕಗಳಲ್ಲಿ ಒಂದು ಕಾಲು ಅಂಗುಲ ಹೆಚ್ಚು, ಇನ್ನೊಂದು ಕಾಲು ಅಂಗುಲ ಕಡಿಮೆ. ಅವುಗಳನ್ನು ಕೂಡಿಸಿದಾಗ ಒಂದರ ಮೂಲೆ ಇನ್ನೊಂದರ ಮೂಲೆಗೆ ಸೇರಲಿಲ್ಲ. ಒಂದು ಸಾಲಿನಲ್ಲಿ ಹನ್ನೆರಡು ಚೌಕಗಳಿದ್ದರೆ ಕಾಲು ಅಂಗುಲದ ತಪ್ಪು ಮೂರು ಅಂಗುಲದವರೆಗೆ ಬೆಳೆಯಬಲ್ಲದು. ನಾವು ಅದನ್ನು ಬಾಲಿಕೆಯರ ಅಲಕ್ಷ್ಯವೆಂದು ತಿಳಿದು ಗದರಿಸಿದೆವು. ಸೊಂಟ ನೋಯುತ್ತದೆಂದು ಒಬ್ಬಳು ಹೇಳಿದಾಗ, ಈ ವಯಸ್ಸಿನಲ್ಲಿ ಸೊಂಟದ ನೋವೇ ಎಂದು ನಕ್ಕವರೂ ನಾವೇ.

ಒಂದು ದಿನ, ನಾವು ಊಟಕ್ಕೆ ಹೋಗಿ ಬರುವುದರೊಳಗೆ, ಬಡಗಿಯ ಮನೆಯ ಹುಡುಗಿಯೊಬ್ಬಳು ಒಂದು ಮೇಜಿನ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆಗಳನ್ನು ಇರಿಸಿ, ನೆಟ್ಟಗೆ ನಿಂತು ಕತ್ತರಿಸುತ್ತಿದ್ದಳು. ಕೇಳಿದರೆ, “ನಮ್ಮ ಅಪ್ಪ ಬಗ್ಗಿ ಉಳಿ ಹಿಡಿಯಂಗಿಲ್ರೀ ಅಕ್ಕೋರೆ, ಕೆಲಸಾನ ಎತ್ತರಕ್ಕ ಇಟ್ಕೋತಾನ” ಎಂದಳು. ಆ ದಿನ ಅವಳು ಕತ್ತರಿಸಿದ ಚೌಕಗಳಲ್ಲಿ ಒಂದನ್ನೂ ಬಿಸಾಡಬೇಕಾಗಲಿಲ್ಲ. ಉಪಾಧ್ಯಾಯಿನಿಯರಾದ ನಮಗೆ ಆಗ ಉಂಟಾದ ನಾಚಿಕೆಯನ್ನು ಇಲ್ಲಿ ಬರೆಯುವುದು ಯುಕ್ತವೆಂದು ತೋರಿತು. ಯಾಕಂದರೆ ಆ ಇಟ್ಟಿಗೆಗಳೇ ಈ ಲೇಖನಕ್ಕೆ ಮೂಲವು.

ಆದ್ದರಿಂದ ಮೇಜನ್ನು ಆರಿಸುವಾಗ ಮೊದಲು ಎತ್ತರವನ್ನು ನೋಡತಕ್ಕದ್ದು. ನಿಂತವಳ ಮೊಣಕೈಗಿಂತ ಮೂರು ನಾಲ್ಕು ಅಂಗುಲ ಕೆಳಗೆ ಮೇಜಿನ ಮೇಲ್ಮೈ ಇರಬೇಕು. ಐದು ಅಡಿ ಎತ್ತರದ ಬಾಲಿಕೆಗೆ ಇದು ಸುಮಾರು 34 ಅಂಗುಲವಾಗುತ್ತದೆ. ಕುಳಿತು ನಡೆಯಿಸುವ ಹೊಲಿಗೆಯ ಯಂತ್ರದ ಮೇಜು ಸುಮಾರು 30 ಅಂಗುಲವಷ್ಟೇ ಇರುವುದರಿಂದ, ಒಂದೇ ಮೇಜನ್ನು ಎರಡಕ್ಕೂ ಉಪಯೋಗಿಸುವ ಆಸೆಯನ್ನು ಬಿಡಬೇಕು. ಎಂಟನೆಯ ತರಗತಿಯ ಕುಳ್ಳಗಿನ ಬಾಲಿಕೆಯರಿಗೆ ಮೂರು ಅಂಗುಲದ ಅಗಲವಾದ ಕಾಲ್ಮಣೆಯನ್ನು ಮಾಡಿಸಬಹುದು. ಎತ್ತರದವಳಿಗೆ ಮೇಜನ್ನು ಮಾಡಿಸಿ ಕುಳ್ಳಗಿನವಳಿಗೆ ಮಣೆ ಕೊಡುವುದು ಸುಲಭ. ತಗ್ಗಿನ ಮೇಜನ್ನು ಮಾಡಿಸಿ ಎತ್ತರದವಳ ಬೆನ್ನನ್ನು ಬಾಗಿಸುವುದು ಅನ್ಯಾಯ.

ಎರಡನೆಯದಾಗಿ ಅಳತೆ. ಪ್ಲೈವುಡ್ಡಿನ ಒಂದು ಹಲಗೆಯು ಸಾಮಾನ್ಯವಾಗಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲವಾಗಿ ಬರುತ್ತದೆ. ಅದರಲ್ಲಿ ಆರು ಅಡಿಯನ್ನು ಮೇಜಿಗೆ ತೆಗೆದುಕೊಂಡು, ಉಳಿದ ಎರಡು ಅಡಿಯಿಂದ ಕತ್ತರಿ ದಾರಗಳನ್ನಿಡುವ ಅಟ್ಟಣೆಯನ್ನು ಮಾಡಿಸಿದರೆ ಏನೂ ವ್ಯರ್ಥವಾಗದು. ಸುಮಾರು 45 ಅಂಗುಲ ಪನ್ನದ ಸೀರೆಯು ನಾಲ್ಕು ಅಡಿಯ ಅಗಲದಲ್ಲಿ ಜೋತುಬೀಳದೆ ನೆಟ್ಟಗೆ ಕೂಡುತ್ತದೆ. ಎರಡು ಕಡೆಯಿಂದಲೂ ನಿಂತು ಕೆಲಸಮಾಡಿದರೆ ಯಾರೂ ಎರಡು ಅಡಿಗಿಂತ ದೂರ ಕೈ ಚಾಚಬೇಕಾಗುವುದಿಲ್ಲ. ಆದಕಾರಣ ಮೇಜನ್ನು ಗೋಡೆಗೆ ತಾಗಿಸದೆ ಕೋಣೆಯ ನಡುವೆ ಇರಿಸಿ, ಸುತ್ತಲೂ ಮೂರು ಅಡಿ ಜಾಗವನ್ನು ಬಿಡಬೇಕು. ಹಲಗೆಯು ಮುಕ್ಕಾಲು ಅಂಗುಲ ದಪ್ಪವಾಗಿದ್ದು, ನಡುವೆ ಬಾಗದಂತೆ ಕೆಳಗೆ ಅಡ್ಡಪಟ್ಟಿಗಳಿರಬೇಕು.

ಮೂರನೆಯದಾಗಿ ಮೇಲ್ಮೈ. ಕತ್ತರಿಸುವಾಗ ಕತ್ತರಿಯ ಕೆಳಗಿನ ಅಲಗು ಮೇಜನ್ನು ಒರಸಿಕೊಂಡು ಹೋಗುತ್ತದೆ. ಕಡಪದ ಕಲ್ಲನ್ನೋ ಶಹಾಬಾದಿನ ಕಲ್ಲನ್ನೋ ಹಾಕಿದರೆ ಅಲಗಿನ ಮೊನೆ ಬೇಗನೆ ಕೆಡುತ್ತದೆ. ಗಾಜಿನ ಮೇಲೆ ಹಳೆಯ ನೂಲಿನ ಬಟ್ಟೆಯು ಜಾರುತ್ತದೆ. ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುತ್ತದೆ. ನುಣ್ಣಗೆ ಉಜ್ಜಿದ, ಸಂದಿಲ್ಲದ ಮರದ ಮೇಲ್ಮೈಯೇ ಉತ್ತಮವು. ಹಸುರು ಹಾಸಿನ ವಿಷಯದಲ್ಲಿ ನಮಗೆ ದ್ವೇಷವಿಲ್ಲ. ಜಪಾನಿನಲ್ಲಿ 1979ನೆಯ ಇಸವಿಯಲ್ಲಿ ಬಂದ ಚಕ್ರದಂಥ ಉರುಳುಚಾಕುವಿನಿಂದ ಏಳೆಂಟು ಪದರುಗಳನ್ನು ಒಟ್ಟಿಗೆ ನೆಟ್ಟಗೆ ಕೊಯ್ಯಬಹುದು. ಆ ಚಾಕುವಿಗೆ ಮಾತ್ರ ಈ ಹಾಸು ಅವಶ್ಯ. ಆದರೆ ಅದು ಬಿಸಿಲನ್ನು ತಾಳದು. ಕಿಟಕಿಯ ಬಳಿ ಇಟ್ಟರೆ ನಮ್ಮ ಸೀಮೆಯ ಬೇಸಿಗೆಯಲ್ಲಿ ಸೊಟ್ಟಗಾಗುತ್ತದೆ. ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೆ ಇಟ್ಟರೆ ಕೆಟ್ಟೇ ಹೋಗುತ್ತದೆ. ನೂಲಿನ ಸೀರೆಯ ಅಂಚಿಗೆ ಸಣ್ಣದೊಂದು ಕಚ್ಚು ಹಾಕಿ ಎಳೆಯ ನೇರಕ್ಕೆ ಹರಿದರೆ ಯಾವ ಉಪಕರಣವೂ ಇಲ್ಲದೆ ನೆಟ್ಟಗಿನ ಪಟ್ಟಿಯು ಬರುತ್ತದೆಂಬುದನ್ನು ನಮ್ಮ ಹಳ್ಳಿಯ ತಾಯಂದಿರು ಬಲ್ಲರು. ಬಾಲಿಕೆಯರು ಮೊದಲು ಅದನ್ನು ಕಲಿಯಲಿ, ಅನಂತರ ಕತ್ತರಿಯನ್ನು ಕಲಿಯಲಿ. ಕೈ ಪಳಗಿದ ಮೇಲೆ ಚಾಕುವೂ ಹಾಸೂ ಬರಲಿ.

ಇಷ್ಟಾದರೂ, ಹರಕು ಸೀರೆಯನ್ನು ಕತ್ತರಿಸುವುದಕ್ಕೆ ಇಷ್ಟು ವೆಚ್ಚವೇ ಎಂದು ಕೇಳುವವರುಂಟು. ಅವರಿಗೆ ನಾವು ವಿನಯದಿಂದ ಒಂದು ಮಾತನ್ನು ಕೇಳುತ್ತೇವೆ. ಗಂಡುಮಕ್ಕಳ ಕೈಗಾರಿಕೆಯ ಶಾಲೆಯಲ್ಲಿ ಬಡಗಿಯ ಮೇಜು ಏಕೆಂದು ಯಾರಾದರೂ ಕೇಳಿದ್ದುಂಟೇ? ಕೆಲಸವು ಹೆಣ್ಣಿನದಾದ ಕೂಡಲೇ ಅದಕ್ಕೆ ನೆಲವೂ ಬಿಡುವಿನ ವೇಳೆಯೂ ಸಾಕೆಂದು ಎಣಿಸುವುದು ನಮ್ಮಲ್ಲಿ ರೂಢಿಯಾಗಿದೆ. ಕೂಡ್ಲಿಗಿಗೆ ನೆರೆಯಾದ ಸಂಡೂರಿನ ಲಂಬಾಣಿ ಕಸೂತಿಗೆ 2010ನೆಯ ಇಸವಿಯಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ನೆಯ ಇಸವಿಯ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಜಿ-20 ಸಂಸ್ಕೃತಿ ಸಭೆಯು ಸೇರಿದಾಗ, ಆ ಸ್ತ್ರೀಯರು ಮಾಡಿದ 1755 ಕಸೂತಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು. ಅದು ಕೂಡ ತಾಯಿಯಿಂದ ಮಗಳಿಗೆ ಬಂದ ಮನೆಯ ಕೆಲಸವೇ. ಕೆಲಸವು ಅಚ್ಚುಕಟ್ಟಾದಾಗ, ಅದಕ್ಕೆ ಬೆಲೆಯನ್ನು ಕೇಳುವ ಧೈರ್ಯವು ಮಾಡಿದವಳಿಗೆ ಬರುತ್ತದೆ. ನಮ್ಮ ಬಾಲಿಕೆಯರ ಪೈಕಿ ಕೆಲವರ ತಂದೆತಾಯಿಗಳು ಬೇಸಿಗೆಯಲ್ಲಿ ಗುಳೆ ಹೋಗತಕ್ಕವರು. ಕೌದಿಯ ಹಣದಿಂದಲೇ ಸಂಸಾರವು ನಡೆದೀತೆಂದು ನಾವು ಹೇಳುವುದಿಲ್ಲ. ಆದರೆ ಅವ್ವನ ಜೊತೆಗೆ ಹೋಗದೆ ಪರೀಕ್ಷೆಯವರೆಗೆ ಇಲ್ಲಿ ಉಳಿಯುವುದಕ್ಕೆ ಒಬ್ಬಳಿಗೆ ಅದು ಸಹಾಯವಾದರೂ ಮೇಜಿನ ವೆಚ್ಚವು ತೀರಿತೆಂದು ಎಣಿಸುವೆವು.

ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನಮ್ಮ ಬಿನ್ನಹವೇನೆಂದರೆ: ದೂರದಿಂದ ಮೇಜನ್ನು ತರಿಸಬೇಡಿರಿ, ನಮ್ಮ ಊರಿನ ಬಡಗಿಯೇ ಅದನ್ನು ಮಾಡಬಲ್ಲನು. ಅವನು ಅಳತೆಯನ್ನು ನಮ್ಮ ಕಾಗದದಿಂದ ತೆಗೆದುಕೊಳ್ಳದೆ, ಬಾಲಿಕೆಯರನ್ನು ನಿಲ್ಲಿಸಿ ಅವರ ಮೊಣಕೈಯಿಂದ ತೆಗೆದುಕೊಳ್ಳಲಿ. ಹಿತ್ತಾಳೆಯ ಫಲಕವನ್ನು ಕೊಡಲೇಬೇಕೆಂಬ ಮನಸ್ಸಿದ್ದರೆ, ಅದೇ ಹಿತ್ತಾಳೆಯಿಂದ ಆರು ಅಡಿಯ ಅಳತೆಪಟ್ಟಿಯನ್ನು ಮಾಡಿಸಿ, ಅಂಗುಲಗಳನ್ನು ಕೆತ್ತಿಸಿ, ಮೇಜಿನ ಅಂಚಿಗೆ ಕೂರಿಸಿಕೊಡಿರಿ. ಗೋಡೆಯ ಮೇಲಿನ ಫಲಕವನ್ನು ವರ್ಷಕ್ಕೊಮ್ಮೆ ಯಾರಾದರೂ ಓದಿಯಾರು. ಈ ಪಟ್ಟಿಯ ಮೇಲೆ ನಮ್ಮ ಮಕ್ಕಳ ಬೆರಳು ದಿನಾಲು ಆಡುತ್ತಿರುವುದು.