ಪಂಪು ಬದಲಿಸುವ ಮುನ್ನ ಮುಚ್ಚಳ ತೆಗೆದು ನೋಡಿ

ಬೇಸಿಗೆ ರಜೆ. ಮನೆಮಂದಿಯನ್ನೆಲ್ಲ ತುಂಬಿಕೊಂಡ ಅಂಬಾಸಡರ್ ಕಾರು ಚಾರ್ಮಾಡಿ ಘಾಟಿ ಹತ್ತುತ್ತಿದೆ. ನಡುಮಧ್ಯಾಹ್ನದ ಬಿಸಿಲು, ಎರಡನೇ ಗೇರು, ತಿರುವಿನ ಮೇಲೆ ತಿರುವು. ಇದ್ದಕ್ಕಿದ್ದಂತೆ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಡ್ರೈವರ್ ಗಾಬರಿಯಾಗುವುದಿಲ್ಲ. ಬಾನೆಟ್ ಎತ್ತುತ್ತಾನೆ, ಹಳೆಯ ಬಟ್ಟೆಯೊಂದನ್ನು ನೀರಿನಲ್ಲಿ ಅದ್ದಿ ಎಂಜಿನ್ನಿನ ಮಗ್ಗುಲಲ್ಲಿರುವ ಬಟ್ಟಲಿನಂಥ ಭಾಗಕ್ಕೆ ಸುತ್ತುತ್ತಾನೆ. ಮಕ್ಕಳು ಮರದ ನೆರಳಲ್ಲಿ ಕುಳಿತು ಚಕ್ಕುಲಿ ತಿಂದು ಮುಗಿಸುವ ಹೊತ್ತಿಗೆ ಕಾರು ಮತ್ತೆ ಹೊರಡುತ್ತದೆ. 1970–80ರ ದಶಕಗಳಲ್ಲಿ ಘಾಟಿ ಹತ್ತಿಳಿದ ಅನೇಕ ಮನೆಗಳಲ್ಲಿ ಈ ಕತೆ ಹೇಳಬಲ್ಲ ಅಜ್ಜನೋ ಸೋದರಮಾವನೋ ಇದ್ದೇ ಇರುತ್ತಾರೆ.

ಒದ್ದೆ ಬಟ್ಟೆಯ ಉಪಚಾರ ಪಡೆದ ಆ ಭಾಗವೇ ಫ್ಯೂಯೆಲ್ ಪಂಪು. ನಮ್ಮ ಗ್ಯಾರೇಜುಗಳಲ್ಲಿ ಅದಕ್ಕೆ 'ಎ.ಸಿ. ಪಂಪು' ಎಂಬ ಹೆಸರೂ ಉಂಟು. ತಂಪು ಮಾಡುವ ಎ.ಸಿ.ಗೂ ಇದಕ್ಕೂ ಸಂಬಂಧವಿಲ್ಲ, ಎ.ಸಿ. ಎಂಬುದು ಇಂಥ ಪಂಪುಗಳನ್ನು ತಯಾರಿಸುತ್ತಿದ್ದ ಕಂಪನಿಯ ಹೆಸರು. ಕಾರಿನ ಹಿಂಭಾಗದ ಟ್ಯಾಂಕಿನಲ್ಲಿರುವ ಪೆಟ್ರೋಲನ್ನು ಮುಂಭಾಗದ ಕಾರ್ಬೊರೇಟರಿಗೆ ಮುಟ್ಟಿಸುವುದು ಇದರ ಕೆಲಸ.

ಹಳೆಯ ಕಾರುಗಳಿಗೆ ಈಗ ಮತ್ತೆ ಮರ್ಯಾದೆ ಬಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳನ್ನು 'ವಿಂಟೇಜ್' ಎಂದು ಪ್ರತ್ಯೇಕವಾಗಿ ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಧರ್ಮಸ್ಥಳದ ಕಾರು ಸಂಗ್ರಹಾಲಯದ ಮುಂದೆ ಮಕ್ಕಳು ಕಣ್ಣರಳಿಸಿ ನಿಲ್ಲುತ್ತಾರೆ. ಮನೆಯ ಶೆಡ್ಡಿನಲ್ಲಿ ದೂಳು ಹಿಡಿದಿದ್ದ ತಾತನ ಕಾರನ್ನು ಓಡುವಂತೆ ಮಾಡಬೇಕೆಂದು ಐ.ಟಿ.ಐ., ಡಿಪ್ಲೊಮಾ ಓದುವ ಹುಡುಗ ಹುಡುಗಿಯರು ಹೊರಡುವುದೂ ಉಂಟು. ಅವರಿಗೆ ಎದುರಾಗುವ ಮೊದಲ ತೊಡಕುಗಳಲ್ಲಿ ಒಂದು ಈ ಪಂಪು. ಕಾರು ನಿಂತ ಕೂಡಲೇ 'ಪಂಪು ಹೋಗಿದೆ, ಬೇರೆ ಹಾಕಿಸಿ' ಎನ್ನುವ ಸಲಹೆ ಬರುತ್ತದೆ. ಒಪ್ಪುವ ಮೊದಲು ಪಂಪು ಏನು ಮಾಡುತ್ತದೆಂದು ತಿಳಿಯುವುದು ಒಳ್ಳೆಯದು.

ಎಳೆಯುವವರು ಯಾರು?

ಒಂದು ಸಣ್ಣ ಪ್ರಯೋಗ. ಬಾಟಲಿಯ ಬಾಯಿಗೆ ತೂರಿಸಿದ ಸ್ಟ್ರಾದ ಸುತ್ತ ಗಾಳಿ ಆಡದಂತೆ ಕಣಕವನ್ನು ಮೆತ್ತಿ, ಶರಬತ್ತು ಹೀರಿ ನೋಡಿ. ಒಂದೆರಡು ಗುಟುಕು ಬಂದೀತು, ಆಮೇಲೆ ಎಷ್ಟು ಹೀರಿದರೂ ಬಾರದು. ಕಣಕದಲ್ಲಿ ಒಂದು ತೂತು ಮಾಡಿ, ಶರಬತ್ತು ತಾನಾಗಿ ಬರುತ್ತದೆ. ಅಂದರೆ ಬಾಯಿ ಶರಬತ್ತನ್ನು ಎಳೆಯುವುದಿಲ್ಲ; ಬಾಯೊಳಗಿನ ಒತ್ತಡ ಇಳಿದಾಗ ಹೊರಗಿನ ಗಾಳಿ ಶರಬತ್ತನ್ನು ಮೇಲಕ್ಕೆ ತಳ್ಳುತ್ತದೆ.

ಕಾರಿನಲ್ಲೂ ಇಷ್ಟೇ. ಪಂಪಿನೊಳಗೆ ರಬ್ಬರು ಲೇಪಿಸಿದ ಬಟ್ಟೆಯ ಪದರವೊಂದು ಇರುತ್ತದೆ, ಅದೇ ಡಯಾಫ್ರಾಮ್. ಎಂಜಿನ್ನಿನ ಕ್ಯಾಮ್ ಶಾಫ್ಟಿನ ಉಬ್ಬು ಒಂದು ಸನ್ನೆಯನ್ನು ಒತ್ತುತ್ತದೆ. ಸನ್ನೆ ಡಯಾಫ್ರಾಮನ್ನು ಕೆಳಕ್ಕೆ ಜಗ್ಗುತ್ತದೆ. ಮೇಲೆ ಜಾಗ ಹಿಗ್ಗಿ ಒತ್ತಡ ಇಳಿಯುತ್ತದೆ, ಟ್ಯಾಂಕಿನ ಮೇಲಿನ ಗಾಳಿ ಪೆಟ್ರೋಲನ್ನು ಅಲ್ಲಿಗೆ ನೂಕುತ್ತದೆ. ಬಳಿಕ ಡಯಾಫ್ರಾಮ್ ಅಡಿಯ ಸ್ಪ್ರಿಂಗು ಅದನ್ನು ಮೇಲೆತ್ತಿ ಪೆಟ್ರೋಲನ್ನು ಕಾರ್ಬೊರೇಟರಿಗೆ ಕಳಿಸುತ್ತದೆ. ಬಂದದ್ದು ಹಿಂದೆ ಹೋಗದಂತೆ ನಮ್ಮ ಹೃದಯದಲ್ಲಿರುವ ಹಾಗೆಯೇ ಕವಾಟಗಳಿವೆ. ಕಾರ್ಬೊರೇಟರಿನ ಬಟ್ಟಲು ತುಂಬಿದಾಗ ಅಲ್ಲಿನ ತೇಲುಗುಂಡು ಮೇಲೇರಿ ಸೂಜಿ ಕವಾಟ ಮುಚ್ಚುತ್ತದೆ. ಆಗ ಪೆಟ್ರೋಲಿಗೆ ಹೋಗಲು ಎಡೆಯಿಲ್ಲ. ಡಯಾಫ್ರಾಮ್ ಕೆಳಗೇ ನಿಲ್ಲುತ್ತದೆ, ಸನ್ನೆ ಸುಮ್ಮನೆ ಆಡುತ್ತಿರುತ್ತದೆ. ಬೇಕಾದಾಗ ಕೊಡುವುದು, ಸಾಕಾದಾಗ ನಿಲ್ಲಿಸುವುದು ಎರಡೂ ಒಂದು ಸ್ಪ್ರಿಂಗಿನಿಂದ ಆಗುತ್ತಿದೆ ಎಂಬುದನ್ನು ಗಮನಿಸಿ.

ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೊಂದು ಸಣ್ಣ ರಂಧ್ರ ಇಡುವುದೂ ಇದಕ್ಕಾಗಿಯೇ. ದೂಳಿನಿಂದ ಅದು ಕಟ್ಟಿಕೊಂಡರೆ ಕಾರು ಹತ್ತಿಪ್ಪತ್ತು ಕಿಲೋಮೀಟರ್ ಓಡಿ ನಿಲ್ಲುತ್ತದೆ. ಮುಚ್ಚಳ ತೆಗೆದಾಗ 'ಸುಯ್' ಎಂದು ಗಾಳಿ ಒಳನುಗ್ಗಿ ಕಾರು ಮತ್ತೆ ಹೊರಟರೆ ತಪ್ಪು ಪಂಪಿನದಲ್ಲ. ಅಂಥ ಹೊತ್ತಿನಲ್ಲಿ ಪಂಪು ಬದಲಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಹಿಮ್ಮುಖವಾಗಿ ಗುಡ್ಡ ಹತ್ತಿದ ಕಾರು

ಎಲ್ಲ ಹಳೆಯ ಕಾರುಗಳಲ್ಲೂ ಪಂಪು ಇರಲಿಲ್ಲ. ಅಮೆರಿಕದಲ್ಲಿ 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಬಹುಕಾಲ ಟ್ಯಾಂಕು ಮುಂದಿನ ಸೀಟಿನ ಕೆಳಗಿತ್ತು. ಪೆಟ್ರೋಲು ಗುರುತ್ವಬಲದಿಂದ ತಾನಾಗಿ ಇಳಿದು ಬರುತ್ತಿತ್ತು. ಆದರೆ ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆಯಿದ್ದು ಏರು ಕಡಿದಾಗಿದ್ದರೆ ಎಂಜಿನ್ನೇ ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿಬಿಡುತ್ತಿತ್ತು! ಆಗ ಚಾಲಕರು ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಗುಡ್ಡ ಹತ್ತಿಸುತ್ತಿದ್ದರು. ನಗು ಬಂದರೂ ಭೌತಶಾಸ್ತ್ರದ ದೃಷ್ಟಿಯಿಂದ ಅದು ಜಾಣತನವೇ.

ಮುಂದೆ ಎಂಜಿನ್ನಿನ ಹೀರುವಿಕೆಯಿಂದಲೇ ಪೆಟ್ರೋಲು ತರುವ ನಿರ್ವಾತ ಟ್ಯಾಂಕು ಬಂತು. ಉದ್ದನೆಯ ಏರಿನಲ್ಲಿ ಆ್ಯಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದರೆ ಹೀರುವಿಕೆ ಕುಗ್ಗಿ ಆ ಪುಟ್ಟ ಟ್ಯಾಂಕು ಬರಿದಾಗುತ್ತಿತ್ತು. ಚಾಲಕ ನಡುನಡುವೆ ಕಾಲು ಸಡಿಲಿಸಿ ಅದನ್ನು ತುಂಬಿಸಿಕೊಳ್ಳಬೇಕಿತ್ತು. ಈ ಪೇಚಾಟಗಳನ್ನು ತಪ್ಪಿಸಿದ್ದು ಎಂಜಿನ್ನೇ ನಡೆಸುವ ಯಾಂತ್ರಿಕ ಪಂಪು ಮತ್ತು ಬ್ಯಾಟರಿಯಿಂದ ನಡೆಯುವ ವಿದ್ಯುತ್ ಪಂಪು. ನಮ್ಮಲ್ಲಿ ಓಡಾಡಿದ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಬಹುಮಟ್ಟಿಗೆ ಕಾಣುವುದು ಮೊದಲನೆಯ ಬಗೆ. ಬ್ರಿಟನ್ನಿನ ಮೋರಿಸ್ ಮೈನರ್‌ನಲ್ಲಿ ಇರುವುದು ಎರಡನೆಯದು, ಎಸ್.ಯು. ಕಂಪನಿಯ ವಿದ್ಯುತ್ ಪಂಪು. ಕೀಲಿ ತಿರುಗಿಸಿದ ಕೂಡಲೇ ಅದು 'ಟಿಕ್ ಟಿಕ್' ಎನ್ನುತ್ತದೆ, ಬಟ್ಟಲು ತುಂಬಿದ ಮೇಲೆ ಸುಮ್ಮನಾಗುತ್ತದೆ.

ಮೂವತ್ತು ಪೌಂಡಲ್ಲ, ಮೂರು

ಪಂಪು ನಿಜವಾಗಿಯೂ ಕೆಟ್ಟಿದ್ದರೆ ಹೊಸದನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಒತ್ತಡ ಎಷ್ಟು? ಕಾರಿನ ಚಕ್ರಕ್ಕೆ ಗಾಳಿ ಹಾಕಿಸುವಾಗ 'ಮೂವತ್ತು ಪೌಂಡು' ಎನ್ನುತ್ತೇವಲ್ಲ, ಅದೇ ಅಳತೆಯಲ್ಲಿ ಹಳೆಯ ಕಾರ್ಬೊರೇಟರಿಗೆ ಬೇಕಾದ್ದು ಸುಮಾರು ಒಂದೂವರೆಯಿಂದ ಮೂರು ಪೌಂಡು. ಈಗಿನ ಇಂಜೆಕ್ಷನ್ ಕಾರುಗಳ ಪಂಪು 40 ಪೌಂಡಿಗೂ ಮೀರಿ ಒತ್ತುತ್ತದೆ. 'ಹೊಸದು, ಬಲವಾದದ್ದು' ಎಂದು ಅದನ್ನು ಹಳೆಯ ಕಾರಿಗೆ ಕೂರಿಸಿದರೆ ಸೂಜಿ ಕವಾಟ ತಡೆಯಲಾರದು. ಪೆಟ್ರೋಲು ಉಕ್ಕಿ ಹೊರಚೆಲ್ಲುತ್ತದೆ. ಅಂಬಾಸಡರ್, ಮೋರಿಸ್ ಮೈನರ್‌ಗಳಂಥ ಕಾರುಗಳಲ್ಲಿ ಕಾರ್ಬೊರೇಟರ್ ಇರುವ ಮಗ್ಗುಲಲ್ಲೇ ಕಾದ ಹೊಗೆಕೊಳವೆಯೂ ಇರುತ್ತದೆ. ಬೆಂಕಿ ಹತ್ತಲು ಇನ್ನೇನು ಬೇಕು?

ಎರಡನೆಯದು ಪ್ರಮಾಣ. ಲೀಟರಿಗೆ 10 ಕಿಲೋಮೀಟರ್ ಕೊಡುವ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋದರೆ ಗಂಟೆಗೆ 6 ಲೀಟರ್, ಅಂದರೆ ನಿಮಿಷಕ್ಕೆ 100 ಮಿಲಿಲೀಟರ್ ಸಾಕು. ಒಂದು ಪುಟ್ಟ ಲೋಟ! ಏರಿಗೂ ವೇಗಕ್ಕೂ ಇರಲೆಂದು ಐದು ಪಟ್ಟು ಹಿಡಿದರೂ ನಿಮಿಷಕ್ಕೆ ಅರ್ಧ ಲೀಟರ್ ಕೊಡುವ ಪಂಪು ಧಾರಾಳ.

ಮೂರನೆಯದು ವಿದ್ಯುತ್ ಪಂಪಿಗೆ ಮಾತ್ರ ಸಂಬಂಧಿಸಿದ್ದು. ಬ್ಯಾಟರಿ 6 ವೋಲ್ಟೋ 12 ವೋಲ್ಟೋ ನೋಡಿಕೊಳ್ಳಬೇಕು. ಬ್ರಿಟನ್ನಿನ ಅನೇಕ ಹಳೆಯ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನೇ ಕಾರಿನ ಮೈಗೆ ಜೋಡಿಸುತ್ತಿದ್ದರು. ಹೊಸ ಎಲೆಕ್ಟ್ರಾನಿಕ್ ಪಂಪನ್ನು ಅಲ್ಲಿ ಉಲ್ಟಾ ಜೋಡಿಸಿದರೆ ಹಾಳಾದೀತು. ಪಂಪನ್ನು ಟ್ಯಾಂಕಿನ ಬಳಿ ಇಡಬೇಕೋ ಎಂಜಿನ್ ಬಳಿಯೋ ಎಂಬುದನ್ನೂ ಕೊಳ್ಳುವಾಗಲೇ ಕೇಳಬೇಕು. ಅಪಘಾತದಲ್ಲಿ ಎಂಜಿನ್ ನಿಂತ ಮೇಲೂ ವಿದ್ಯುತ್ ಪಂಪು ಪೆಟ್ರೋಲು ಸುರಿಸುತ್ತಲೇ ಇರಬಹುದು. ಆದ್ದರಿಂದ ಡಿಕ್ಕಿಯಾದಾಗ ಪಂಪಿನ ವಿದ್ಯುತ್ತನ್ನು ತಾನಾಗಿ ಕಡಿಯುವ ಸ್ವಿಚ್ಚು ಹಾಕಿಸುವುದು ಕ್ಷೇಮ.

ಘಾಟಿಯಲ್ಲಿ ನಿಂತಿದ್ದೇಕೆ?

ಕುಕ್ಕರಿನಲ್ಲಿ ಒತ್ತಡ ಹೆಚ್ಚಿರುವುದರಿಂದ ನೀರು 100 ಡಿಗ್ರಿ ದಾಟಿದ ಮೇಲೆ ಕುದಿಯುತ್ತದೆ. ಟ್ಯಾಂಕಿನಿಂದ ಪಂಪಿಗೆ ಬರುವ ಕೊಳವೆಯಲ್ಲಿ ಆಗುವುದು ಇದರ ತಿರುಗುಮುರುಗು. ಅಲ್ಲಿ ಒತ್ತಡ ಕಡಿಮೆ. ಸಾವಿರ ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೂ ಸಮುದ್ರಮಟ್ಟದ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಮಾತ್ರ. ಪೆಟ್ರೋಲಿನ ಹಗುರ ಅಂಶಗಳು ಮೊದಲೇ ಬೇಗ ಆವಿಯಾಗುವಂಥವು. ಕಾದ ಪಂಪಿನಲ್ಲಿ ಆವಿಯ ಗುಳ್ಳೆಗಳು ತುಂಬಿದರೆ ಡಯಾಫ್ರಾಮ್ ಗುಳ್ಳೆಯನ್ನೇ ಹಿಗ್ಗಿಸಿ ಕುಗ್ಗಿಸುತ್ತದೆ, ಪೆಟ್ರೋಲು ಮುಂದೆ ಸಾಗದು. ಇದನ್ನು 'ವೇಪರ್ ಲಾಕ್' ಎನ್ನುತ್ತಾರೆ. ಒದ್ದೆ ಬಟ್ಟೆಯ ನೀರು ಆವಿಯಾಗುವಾಗ ಪಂಪಿನ ಶಾಖವನ್ನು ಹೀರಿಕೊಂಡು ಗುಳ್ಳೆಯನ್ನು ಮತ್ತೆ ದ್ರವವಾಗಿಸುತ್ತದೆ. ಆ ಡ್ರೈವರ್ ಪಿಯುಸಿ ಓದಿರಲಿಲ್ಲ, ಆದರೆ ಪಾಠ ಅವನಿಗೆ ಗೊತ್ತಿತ್ತು. ಪಂಪಿಗೂ ಎಂಜಿನ್ನಿಗೂ ನಡುವಿನ ಶಾಖ ತಡೆಯುವ ಬಿಲ್ಲೆ ಕಳೆದುಹೋಗಿದ್ದರೆ ಈ ತೊಂದರೆ ಹೆಚ್ಚು. ಅದನ್ನು ಮೊದಲಿದ್ದಷ್ಟೇ ದಪ್ಪದ್ದು ಹಾಕಬೇಕು. ದಪ್ಪ ಬದಲಾದರೆ ಸನ್ನೆಯ ಆಟವೂ ಬದಲಾಗುತ್ತದೆ.

ಆರೈಕೆಯ ಕ್ರಮ

ಪಂಪಿನ ಮೇಲೆ ಗಾಜಿನ ಬಟ್ಟಲಿದ್ದರೆ ಆಗಾಗ ಬಿಚ್ಚಿ, ತಳದ ನೀರು, ತುಕ್ಕಿನ ಪುಡಿ ಚೆಲ್ಲಿ, ಜಾಲರಿ ತೊಳೆದಿಡಿ. ಬಟ್ಟಲಿನ ಗ್ಯಾಸ್ಕೆಟ್ ಒಣಗಿ ಬಿರಿದರೆ ಪಂಪು ಪೆಟ್ರೋಲಿನ ಬದಲು ಗಾಳಿ ಕುಡಿಯುತ್ತದೆ. ಕೈಸನ್ನೆ ಇರುವ ಪಂಪನ್ನು ಎಂಜಿನ್ ನಡೆಸದೆಯೇ ಪರೀಕ್ಷಿಸಬಹುದು. ಕೈಸನ್ನೆ ಸಡಿಲವೆನಿಸಿದರೆ ಪಂಪು ಕೆಟ್ಟಿದೆಯೆಂದು ತೀರ್ಮಾನಿಸಬೇಡಿ. ಕ್ಯಾಮಿನ ಉಬ್ಬು ಆಗಲೇ ಸನ್ನೆಯನ್ನು ಒತ್ತಿಹಿಡಿದಿರಬಹುದು. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ನೋಡಿ.

ಡಯಾಫ್ರಾಮ್ ಹರಿದರೆ ಎರಡು ಗುರುತುಗಳಿವೆ. ಪಂಪಿನ ತಳದ ಕಿಂಡಿಯಿಂದ ಪೆಟ್ರೋಲು ತೊಟ್ಟಿಕ್ಕಬಹುದು, ಇಲ್ಲವೇ ಪೆಟ್ರೋಲು ಎಂಜಿನ್ ಆಯಿಲಿಗೆ ಇಳಿಯಬಹುದು. ಎರಡನೆಯದು ಮೋಸಗಾರ. ಆಯಿಲ್ ಅಳೆಯುವ ಕಡ್ಡಿಯಲ್ಲಿ ಮಟ್ಟ ಏರಿದ್ದು, ಮೂಸಿದರೆ ಪೆಟ್ರೋಲಿನ ವಾಸನೆ ಬಂದರೆ ಎಂಜಿನ್ ನಡೆಸಲೇಬೇಡಿ. ತೆಳುವಾದ ಆಯಿಲ್ ಬೇರಿಂಗುಗಳನ್ನು ತಿಂದುಹಾಕುತ್ತದೆ. ಡಯಾಫ್ರಾಮ್, ಕವಾಟಗಳ ಕಿಟ್ ತಂದು ಮೂಲ ಪಂಪನ್ನೇ ರಿಪೇರಿ ಮಾಡುವುದು ಮೇಲು. ಆದರೆ 'ಜೋರು ಬರಲಿ' ಎಂದು ಹಳೆಯ ಸ್ಪ್ರಿಂಗನ್ನು ಎಳೆದು ಉದ್ದ ಮಾಡಬಾರದು; ಪಂಪಿನ ಒತ್ತಡ ನಿಂತಿರುವುದು ಅದರ ಮೇಲೆಯೇ.

ಎಸ್.ಯು. ಪಂಪಿನ ಸದ್ದೇ ಅದರ ನಾಡಿ. ಎಂಜಿನ್ ನಿಂತಿದ್ದರೂ ಒಂದೇ ಸಮನೆ ಟಿಕ್‌ಟಿಕ್ ಎಂದರೆ ಟ್ಯಾಂಕು ಬರಿದಾಗಿದೆ ಅಥವಾ ಎಲ್ಲೋ ಗಾಳಿ ಸೇರುತ್ತಿದೆ. ಸದ್ದೇ ಇಲ್ಲವೆಂದರೆ ಒಳಗಿನ ಪಾಯಿಂಟು ಸುಟ್ಟಿರಬಹುದು. ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದರೆ ಎಚ್ಚರಗೊಳ್ಳುವುದುಂಟು, ಆದರೆ ಅದು ಮನೆ ಮುಟ್ಟುವವರೆಗಿನ ಉಪಾಯ ಮಾತ್ರ.

ಇನ್ನೊಂದು ವಿಷಯ ಅಜ್ಜನ ಕಾಲದ ಮೆಕ್ಯಾನಿಕ್ಕಿಗೆ ಗೊತ್ತಿರಲಿಲ್ಲ. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು ನಮ್ಮ ದೇಶದಲ್ಲಿ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಬಿರಿಸಬಲ್ಲದು, ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ಡಯಾಫ್ರಾಮ್ ಕಿಟ್ಟು, ರಬ್ಬರು ಪೈಪು ಕೊಳ್ಳುವಾಗ ಎಥನಾಲಿಗೆ ತಡೆಯುವಂಥದೇ ಎಂದು ಕೇಳಿ ತನ್ನಿ. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲು ಬಸಿದಿಡುವುದು ಒಳ್ಳೆಯದು.

ತಂದೆತಾಯಿಗಳಿಗೆ

ಮಗ ಅಥವಾ ಮಗಳು ಸ್ಪ್ಯಾನರ್ ಹಿಡಿದು ಬಾನೆಟ್ ಕೆಳಗೆ ಬಗ್ಗಿದರೆ ಓದು ಕೆಟ್ಟಿತೆಂದು ಕೊರಗಬೇಕಿಲ್ಲ. ವಾಯುಭಾರ, ಕುದಿಬಿಂದು, ವಿದ್ಯುತ್ಕಾಂತ, ಸನ್ನೆ ಎಲ್ಲವೂ ಅಂಗೈಯಗಲದ ಒಂದೇ ಪಂಪಿನಲ್ಲಿವೆ. ಆದರೆ ಕೆಲವು ಕಟ್ಟಳೆಗಳನ್ನು ಮಾತ್ರ ಮೀರಲು ಬಿಡಬೇಡಿ. ಕೆಲಸ ನಡೆಯುವಾಗ ದೊಡ್ಡವರೊಬ್ಬರು ಜೊತೆಗಿರಲಿ. ಎಂಜಿನ್ ಪೂರ್ತಿ ತಣ್ಣಗಾಗಿರಲಿ, ಬ್ಯಾಟರಿಯ ತಂತಿ ಬಿಚ್ಚಿರಲಿ, ಜಾಗ ಬಯಲಾಗಿರಲಿ. ಬೀಡಿ, ದೀಪ, ಅಗರಬತ್ತಿ ಯಾವುದೂ ಹತ್ತಿರ ಸುಳಿಯದಿರಲಿ. ಪೆಟ್ರೋಲಿನ ಬೆಂಕಿಗೆ ನೀರೆರಚಿದರೆ ಉರಿ ಹರಡುತ್ತದೆ; ಪುಡಿ ಚಿಮ್ಮುವ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಲಿ. ಪೈಪಿಗೆ ಬಾಯಿಟ್ಟು ಪೆಟ್ರೋಲು ಹೀರುವ ಅಭ್ಯಾಸ ಬೇಡವೇ ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅಕಸ್ಮಾತ್ ಯಾರಾದರೂ ನುಂಗಿದರೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟು ಎಚ್ಚರವಿದ್ದರೆ ತಾತನ ಕಾರು ಮತ್ತೆ ಘಾಟಿ ಹತ್ತೀತು. ನಡುದಾರಿಯಲ್ಲಿ ನಿಂತರೆ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಕಿವಿಗೊಡಿ, ಆಮೇಲೆ ಒದ್ದೆ ಬಟ್ಟೆ ಹುಡುಕಿ. ಪಂಪಿನ ಅಂಗಡಿಯ ವಿಳಾಸ ಕೇಳುವುದು ಅದಾದ ಮೇಲೆ.